ಕಡಲಿಗೆ ಬಿದ್ದ ಸರಕು ಯಾರ ಲೆಕ್ಕಕ್ಕೆ?

ನಮ್ಮ ಹೊಳೆನರಸೀಪುರದ ಮೈದಾನಗಳಲ್ಲಿ ಕ್ರಿಕೆಟ್ ಆಡುವ ಹುಡುಗರು ದಿನಕ್ಕೆ ಹತ್ತು ಸಲ 'ಆವರೇಜ್' ಎನ್ನುತ್ತಾರೆ. ಆಲೂಗೆಡ್ಡೆ ಬೆಳೆಯುವ ರೈತ 'ಎಕರೆಗೆ ಆವರೇಜ್ ಇಷ್ಟು ಚೀಲ' ಎಂದು ಲೆಕ್ಕ ಹೇಳುತ್ತಾನೆ. ಈ ಮಾತು ಹುಟ್ಟಿದ್ದು ಶಾಲೆಯ ಗಣಿತದ ಪುಸ್ತಕದಲ್ಲಲ್ಲ, ನಡುಗಡಲಿನ ಹಡಗಿನಲ್ಲಿ ಎಂದರೆ ಅವರು ನಂಬಲಿಕ್ಕಿಲ್ಲ. ಅರಬ್ಬಿಯಲ್ಲಿ 'ಅವಾರ್' ಎಂದರೆ ಊನ, ಕೆಡುಕು. ಸಮುದ್ರದ ನೀರು ತಾಗಿ ಕೆಟ್ಟ ಸರಕಿಗೂ ಆ ಹೆಸರೇ ಅಂಟಿಕೊಂಡಿತು. ಇಟಲಿಯ ವರ್ತಕರ ಬಾಯಲ್ಲಿ ಅದು 'ಅವಾರಿಯಾ' ಆಯಿತು, ಫ್ರೆಂಚರಲ್ಲಿ 'ಅವಾರಿ' ಆಯಿತು, ಇಂಗ್ಲಿಷಿಗೆ ಬಂದು 'ಆವರೇಜ್' ಎನಿಸಿಕೊಂಡಿತು. ಭಾಷಾ ಪಂಡಿತರಲ್ಲಿ ಹೆಚ್ಚಿನವರು ಒಪ್ಪುವ ವಂಶಾವಳಿ ಇದು. ಮೊದಲು ಅದರ ಅರ್ಥ ಕಡಲಿನಲ್ಲಾದ ನಷ್ಟ ಎಂದಿತ್ತು. ಆಮೇಲೆ ಆ ನಷ್ಟವನ್ನು ಹಡಗಿನಲ್ಲಿ ಸರಕು ಇಟ್ಟವರೆಲ್ಲ ಹಂಚಿಕೊಳ್ಳುವ ಪದ್ಧತಿ ಎಂದಾಯಿತು. ಕೊನೆಗೆ ಹಡಗೂ ಕಡಲೂ ಮರೆತುಹೋಗಿ, ಹಂಚಿ ಬರುವ ಪಾಲು ಎಂಬ ಲೆಕ್ಕವಷ್ಟೇ ಉಳಿಯಿತು.

ಇದೊಂದೇ ಅಲ್ಲ. ಸಮುದ್ರವನ್ನು ಕಣ್ಣಾರೆ ಕಾಣದ ನಮ್ಮ ಬಯಲುಸೀಮೆಯ ಹಿರಿಯರ ಬಾಯಲ್ಲೂ ಬಂದರು, ಲಂಗರು, ಖಲಾಸಿ, ಚುಕ್ಕಾಣಿ ಎಂಬ ಮಾತುಗಳಿವೆ. ಎಲ್ಲವೂ ಅರಬ್ಬಿ, ಫಾರಸಿ ನಾವಿಕರು ಬಿಟ್ಟುಹೋದವು. ಹೇಮಾವತಿ ನಮ್ಮೂರ ದಡ ತೊಳೆದು ಕಾವೇರಿಯನ್ನು ಕೂಡಿ ಪೂರ್ವದ ಕೊಲ್ಲಿಯತ್ತ ಹೋಗುತ್ತಾಳೆ. ಆದರೆ ಈ ಸೀಮೆಯ ಸರಕು ಸಾವಿರ ವರ್ಷಗಳಿಂದ ಪಶ್ಚಿಮಕ್ಕೇ, ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೇ ಹೋಗಿದೆ. ಹಾಗಾಗಿ ಆ ಸಮುದ್ರದಲ್ಲಿ ಮುಳುಗಿದ್ದರ ಲೆಕ್ಕ ಕೇಳುವ ಹಕ್ಕು ನಮಗೂ ಇದೆ. ಈಗ ಕೇಳಬೇಕಾದ ಕಾಲವೂ ಬಂದಿದೆ.

ಹದಿನೈದು ದಿನ, ಎರಡು ಹಡಗು

2025ರ ಮೇ 24ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಲೈಬೀರಿಯಾ ಧ್ವಜದ ಹಡಗು ಕೇರಳದ ಕಡಲಿನಲ್ಲಿ ಒಂದು ಪಕ್ಕಕ್ಕೆ ವಾಲಿತು. ಮರುದಿನ ಬೆಳಿಗ್ಗೆ ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯೂ ಬದುಕಿದರು. ಆದರೆ ಅದರ ಮೇಲಿದ್ದ 640 ಕಂಟೈನರುಗಳು ನೀರು ಪಾಲಾದವು. 13ರಲ್ಲಿ ಅಪಾಯಕಾರಿ ಸರಕಿತ್ತು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಮಾವು, ಬಾಳೆ ಹಣ್ಣಾಗಿಸಲು ಕದ್ದುಮುಚ್ಚಿ ಬಳಸುವ, ಕಾನೂನು ನಿಷೇಧಿಸಿರುವ ಅದೇ ಕಾರ್ಬೈಡು. ಅದಕ್ಕೆ ನೀರು ತಗುಲಿದರೆ ಬೆಂಕಿ ಹಿಡಿಯುವ ಅನಿಲ ಹೊರಡುತ್ತದೆ. ಹಡಗಿನ ಹೊಟ್ಟೆಯಲ್ಲಿ 367 ಟನ್ ಫರ್ನೇಸ್ ಎಣ್ಣೆಯೂ 84 ಟನ್ ಡೀಸೆಲ್ಲೂ ಇದ್ದವು. ಕೆಲವು ಪೆಟ್ಟಿಗೆಗಳು ತೇಲುತ್ತ ಕೊಲ್ಲಂ, ಆಲಪ್ಪುಳದ ದಡ ಸೇರಿದವು. ಒಡೆದ ಪೆಟ್ಟಿಗೆಗಳಿಂದ ಸಾಬಕ್ಕಿಯಷ್ಟು ಗಾತ್ರದ ಬಿಳಿ ಪ್ಲಾಸ್ಟಿಕ್ ಕಾಳುಗಳು ಹೊರಬಿದ್ದು ತಿರುವನಂತಪುರದ ಮರಳಿನಲ್ಲಿ ಬೆರೆತವು. ಸ್ವಯಂಸೇವಕರು ಜರಡಿ ಹಿಡಿದು ಮರಳನ್ನು ಸೋಸಿದರು. ಜರಡಿಗೆ ಸಿಕ್ಕಿದ್ದೆಷ್ಟು, ಮೀನಿನ ಹೊಟ್ಟೆ ಸೇರಿದ್ದೆಷ್ಟು ಎಂದು ಯಾರು ಅಳೆಯಬೇಕು?

ಹದಿನೈದು ದಿನ ಕಳೆದಿತ್ತು. ಜೂನ್ 9ರಂದು ಕೊಲಂಬೊದಿಂದ ಮುಂಬೈಯ ನ್ಹಾವಾ ಶೇವಾಕ್ಕೆ ಹೋಗುತ್ತಿದ್ದ ವಾನ್ ಹೈ 503 ಎಂಬ ಸಿಂಗಾಪುರ ಧ್ವಜದ ಹಡಗಿನಲ್ಲಿ, ಕಣ್ಣೂರಿನ ಕಡಲಿನಾಚೆ ಸ್ಫೋಟವಾಗಿ ಬೆಂಕಿ ಹತ್ತಿತು. ಹಲವಾರು ಕಂಟೈನರುಗಳು ಸಮುದ್ರಕ್ಕೆ ಉರುಳಿದವು. ಹಡಗಿನಲ್ಲಿದ್ದ 22 ಮಂದಿಯಲ್ಲಿ 18 ಜನರನ್ನು ನೌಕಾಪಡೆಯ ಸೂರತ್ ಹಡಗು ಅಂದೇ ರಾತ್ರಿ ನವ ಮಂಗಳೂರು ಬಂದರಿಗೆ ತಂದಿತು. ಸುಟ್ಟ ಗಾಯಗಳಾದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಲಾಯಿತು. ನಾಲ್ವರು ಕಾಣೆಯಾದರು. ತೈವಾನ್, ಇಂಡೋನೇಷ್ಯಾ, ಮ್ಯಾನ್ಮಾರ್‌ನ ಆ ನಾಲ್ವರು ಯಾವ ತಾಯಿಯ ಮಕ್ಕಳೋ, ಯಾರು ಅವರ ದಾರಿ ಕಾಯುತ್ತಿದ್ದರೋ!

ಜಗತ್ತಿನ ದೊಡ್ಡ ಹಡಗು ಕಂಪನಿಗಳ ಒಕ್ಕೂಟವಾದ ವರ್ಲ್ಡ್ ಶಿಪ್ಪಿಂಗ್ ಕೌನ್ಸಿಲ್ ಕೊಟ್ಟ ಲೆಕ್ಕದಂತೆ 2023ರಲ್ಲಿ ಲೋಕದ ಎಲ್ಲ ಸಮುದ್ರಗಳಲ್ಲಿ ಕಳೆದುಹೋದ ಕಂಟೈನರುಗಳು 221, 2024ರಲ್ಲಿ 576. ವರ್ಷಕ್ಕೆ ಸುಮಾರು 25 ಕೋಟಿ ಪೆಟ್ಟಿಗೆಗಳು ಓಡಾಡುವಾಗ ಇದು ಏನೂ ಅಲ್ಲ ಎನ್ನಬಹುದು. ಆದರೆ ಎಲ್ಸಾ ಎಂಬ ಒಂದೇ ಹಡಗಿನ 640, ಹಿಂದಿನ ಇಡೀ ವರ್ಷದ ಜಾಗತಿಕ ಲೆಕ್ಕವನ್ನು ಮೀರಿತು. ಲೋಕಕ್ಕೆ ಸಣ್ಣದೆಂದು ಕಾಣುವ ಆವರೇಜು ಒಂದೇ ದಡದ ಮೇಲೆ ಬಿದ್ದಾಗ ಸಣ್ಣದಾಗಿ ಉಳಿಯುವುದಿಲ್ಲ.

ಮೆಣಸು ಹೋಯಿತು, ಕಬ್ಬಿಣ ಅರ್ಧ ಸಿಕ್ಕಿತು

ಇತಿಹಾಸದ ಪುಟಗಳನ್ನು ತಿರುವಿದರೆ ಇದೇ ಸಮುದ್ರದ ಹಳೆಯ ನಷ್ಟಗಳ ಲೆಕ್ಕ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಜಿಲ್ಲೆ ಹೊಯ್ಸಳರ ನಾಡಿನ ನಡುಮನೆಯಾಗಿತ್ತು. ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯನ್ನು ಅರಸೀಕೆರೆ ಸೀಮೆಯ ಶಾಸನವೊಂದು ನೆನೆಯುತ್ತದೆ. ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನಿದ್ದ. ಟ್ಯುನೀಶಿಯಾದವನು. 1132ರ ಹೊತ್ತಿಗೆ ಇಲ್ಲಿ ನೆಲೆಸಿದ್ದ ಆತ 1149ರಲ್ಲಿ ಏಡನ್‌ಗೆ ಮರಳಿದ. ಆತನ ಕಾಗದಪತ್ರಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಏಳೆಂಟು ಶತಮಾನ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದವು. ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಆತನ ಕೈಕೆಳಗೆ ಗುಲಾಮನೆನಿಸಿಕೊಂಡೂ ಏಡನ್‌ವರೆಗೆ ಹೋಗಿ ಲಕ್ಷ್ಯವಿಟ್ಟು ವ್ಯಾಪಾರ ಮಾಡಿಬರುತ್ತಿದ್ದ ತುಳುನಾಡಿನವನ ಹೆಸರು 'ಬೊಮ್ಮ' ಎಂದಿರಬೇಕೆಂದು ಕಾದಂಬರಿಕಾರ ಅಮಿತಾವ್ ಘೋಷ್ ಗುರುತಿಸಿದರು. ಅದಕ್ಕೆ ನಮ್ಮ ಬಿ.ಎ. ವಿವೇಕ ರೈಯವರ ನೆರವನ್ನೂ ಪಡೆದರು.

ಈ ಕಾಗದಗಳಲ್ಲಿ ಏಡನ್‌ನಿಂದ ಬೆನ್ ಯಿಜುವಿಗೆ ಬಂದ ಒಂದು ಪತ್ರ ಹಡಗೊಡೆದ ಸುದ್ದಿಯನ್ನು ತಿಳಿಸುತ್ತದೆ. ಮಲಬಾರಿನ ಕಡೆಯಿಂದ ಹೋದ ಹಡಗು ಬಾಬುಲ್ ಮಂದಬ್‌ನ ಬಳಿ ಗಾಳಿಗೆ ಸಿಕ್ಕಿ ಒಡೆಯಿತು. ಮೆಣಸು ಪೂರ್ತಿ ಹೋಯಿತು. ಕಬ್ಬಿಣಕ್ಕಾಗಿ ಏಡನ್‌ನಿಂದ ಮುಳುಗುಗಾರರನ್ನು ಕರೆಸಲಾಯಿತು. ಅವರು ಅರ್ಧದಷ್ಟನ್ನು ಮೇಲೆತ್ತಿದರು. ಪತ್ರ ಬರೆಯುತ್ತಿರುವ ಹೊತ್ತಿಗೆ ಆ ಕಬ್ಬಿಣ ಸುಂಕದ ಕಟ್ಟೆಯಿಂದ ಉಗ್ರಾಣಕ್ಕೆ ಸಾಗುತ್ತಿತ್ತು.

ಈ ಪತ್ರದಲ್ಲಿ ನಾವು ಗಮನಿಸಬೇಕಾದದ್ದು ಅದರ ನೇರವಾದ ಲೆಕ್ಕವನ್ನು. ಯಾವ ಹಡಗು, ಎಲ್ಲಿ ಒಡೆಯಿತು, ಏನು ಹೋಯಿತು, ಏನು ಸಿಕ್ಕಿತು, ಸಿಕ್ಕಿದ್ದು ಈಗ ಎಲ್ಲಿದೆ. ಎಲ್ಲವೂ ಬರೆದವನಿಗೂ ಓದುವವನಿಗೂ ಗೊತ್ತು. ಇದೇ ಏಡನ್‌ನ ವರ್ತಕ ಮದ್ಮೂನ್, ಮಂಗಳೂರಿನ ಬನಿಯಾಗಳೊಂದಿಗೆ ಪಾಲುಗಾರಿಕೆಯಲ್ಲಿ ಹಡಗು ಕಳಿಸೋಣವೇ ಎಂದು ಬೆನ್ ಯಿಜುವಿನ ಮೂಲಕ ಕೇಳಿಸಿದ್ದ. ಮತ ಬೇರೆ, ಭಾಷೆ ಬೇರೆ, ದಡ ಬೇರೆ. ಲಾಭಕ್ಕೆ ಪಾಲುಗಾರರಾದವರು ನಷ್ಟಕ್ಕೂ ಪಾಲುಗಾರರು ಎಂಬ ನಂಬಿಕೆ ಮಾತ್ರ ಒಂದೇ.

ಇನ್ನೂರು ವರ್ಷಗಳ ಬಳಿಕ, 1342ರಲ್ಲಿ, ಮುಹಮ್ಮದ್ ಬಿನ್ ತುಘಲಕ್ ಚೀನಾದ ಚಕ್ರವರ್ತಿಗೆ ಕಳಿಸಿದ ಉಡುಗೊರೆಗಳೊಂದಿಗೆ ಇಬ್ನ್ ಬತೂತಾ ದಿಲ್ಲಿಯಿಂದ ಹೊರಟ. ಹೊನ್ನಾವರ, ಮಂಗಳೂರುಗಳನ್ನು ದಾಟಿ ಕಲ್ಲಿಕೋಟೆ ಸೇರಿದ. ಶುಕ್ರವಾರದ ನಮಾಜಿಗೆಂದು ಆತ ದಡದಲ್ಲೇ ಉಳಿದ. ರಾತ್ರಿ ಎದ್ದ ತುಫಾನಿನಲ್ಲಿ ಉಡುಗೊರೆಗಳಿದ್ದ ದೊಡ್ಡ ಹಡಗು ದಡಕ್ಕೆ ಅಪ್ಪಳಿಸಿ ನುಚ್ಚುನೂರಾಯಿತು. ಜೊತೆಗಾರರು ಸತ್ತರು. ಆತನ ಸ್ವಂತ ಸಾಮಾನಿದ್ದ ಇನ್ನೊಂದು ಹಡಗು ಲಂಗರೆತ್ತಿ ಹೊರಟೇ ಹೋಯಿತು. ಲೋಕ ಸುತ್ತಿದ ಆ ಯಾತ್ರಿಕನ ಬಳಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಚಾಪೆ.

ಈ ದುಃಖದ ನಡುವೆಯೂ ಆತ ಒಂದು ಕಾನೂನಿನ ಮಾತನ್ನು ಬರೆದಿಟ್ಟ. ಮಲಬಾರಿನ ಉಳಿದೆಡೆ ಒಡೆದ ಹಡಗಿನ ಸರಕು ಅರಸನ ಬೊಕ್ಕಸಕ್ಕೆ ಸೇರುತ್ತದೆ. ಕಲ್ಲಿಕೋಟೆಯಲ್ಲಿ ಮಾತ್ರ ಅದು ಒಡೆಯನದೇ. ದಡದಲ್ಲಿ ದೋಚಲು ಬಂದವರನ್ನು ಸಾಮೂದಿರಿಯ ಆಳುಗಳು ಹೊಡೆದು ಓಡಿಸಿದರು. ನೂರು ವರ್ಷ ಕಳೆದು 1442ರಲ್ಲಿ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ರಝಾಕ್ ಕೂಡ ಕಲ್ಲಿಕೋಟೆಯ ಈ ನ್ಯಾಯವನ್ನು ಮೆಚ್ಚಿಕೊಂಡ. ಆಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಅಂದರೆ ದಡಕ್ಕೆ ಬಿದ್ದ ಸರಕು ಯಾರದು ಎಂಬ ಪ್ರಶ್ನೆಗೆ ನಮ್ಮ ಈ ಕರಾವಳಿ ಆರುನೂರು ವರ್ಷಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತ್ತು. ಒಂದು ಬಂದರಿಗೆ ಹೆಸರು ಬರುವುದು ಅಲ್ಲಿ ಎಷ್ಟು ಹಡಗು ಬಂದವು ಎಂಬುದರಿಂದ ಮಾತ್ರವಲ್ಲ, ಒಡೆದ ಹಡಗಿನವನನ್ನು ಅದು ಹೇಗೆ ನಡೆಸಿಕೊಂಡಿತು ಎಂಬುದರಿಂದಲೂ.

ಎಲ್ಲರ ಸಲುವಾಗಿ ಎಸೆದದ್ದು

ಹಡಗು ಒಡೆಯುವುದು ಒಂದು ಬಗೆ. ಒಡೆಯದಿರಲೆಂದು ಸರಕನ್ನು ಎಸೆಯುವುದು ಇನ್ನೊಂದು ಬಗೆ. ತುಫಾನಿನಲ್ಲಿ ಹಡಗನ್ನು ಹಗುರ ಮಾಡಲು ಒಬ್ಬನ ಮೂಟೆಗಳನ್ನು ಕಡಲಿಗೆ ಎಸೆದರು ಎನ್ನೋಣ. ಉಳಿದವರ ಸರಕು ಉಳಿಯಿತು. ಕಳೆದುಕೊಂಡವನು ಒಬ್ಬನೇ ಅಳಬೇಕೆ? ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಗ್ರಹಿಸಿದ ರೋಮನ್ ಕಾನೂನು, ಅದಕ್ಕೂ ಹಳೆಯದಾದ ರೋಡ್ಸ್ ದ್ವೀಪದ ನಿಯಮವನ್ನು ಹೆಸರಿಸಿ ಕೂಡದು ಎಂದಿತು. ಎಲ್ಲರ ಸಲುವಾಗಿ ಹೋದದ್ದನ್ನು ಎಲ್ಲರೂ ಸೇರಿ ತುಂಬಿಕೊಡಬೇಕು. ಇಸ್ಲಾಮೀ ನ್ಯಾಯಶಾಸ್ತ್ರದ ಪಂಡಿತರೂ ಈ ಪ್ರಶ್ನೆಯನ್ನು ಕೂಲಂಕಷವಾಗಿ ಚರ್ಚಿಸಿದರು. ಹಡಗಿನ ಬಾಡಿಗೆ ಮತ್ತು ಅದರಿಂದೇಳುವ ತಕರಾರುಗಳ ಬಗ್ಗೆಯೇ ಹತ್ತನೆಯ ಶತಮಾನದ ಒಂದು ಅರಬ್ಬಿ ಗ್ರಂಥವಿದೆ. ಎಸೆದ ಸರಕಿನ ಬೆಲೆಯನ್ನು ಉಳಿದ ಸರಕಿನ ಬೆಲೆಗೆ ಅನುಗುಣವಾಗಿ ಹಂಚಬೇಕು ಎಂಬುದು ಮಾಲಿಕೀ ಪಂಥದವರ ಮಾತು. ಆದರೆ ಹಡಗನ್ನೂ ಈ ಲೆಕ್ಕಕ್ಕೆ ಸೇರಿಸಬೇಕೆ, ಮಾಲೀಕ ಪಾಲು ಕೊಡಬೇಕೆ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿತ್ತು. 'ಎಲ್ಲರೂ' ಎಂದರೆ ಯಾರೆಲ್ಲ ಎಂಬ ತಕರಾರು ಅಂದೇ ಹುಟ್ಟಿತ್ತು.

ಮನುಷ್ಯರನ್ನು ಎಸೆಯಬಹುದೆ? ಚೀಟಿ ಎತ್ತಿದಾಗ ಪ್ರವಾದಿ ಯೂನುಸ್(ಅ)ರ ಹೆಸರು ಬಂದ ಪ್ರಸಂಗ ಕುರ್‌ಆನಿನಲ್ಲಿದೆ. ಆದರೂ ಆ ಪ್ರಸಂಗವನ್ನು ಮುಂದಿಟ್ಟುಕೊಂಡು ಮನುಷ್ಯನನ್ನು ಕಡಲಿಗೆ ನೂಕಲು ಪಂಡಿತರ ಬಹುಮತ ಒಪ್ಪಲಿಲ್ಲ. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವವನ್ನು ತೆಗೆಯಲಾಗದು ಎಂದರು.

ಯುರೋಪಿನ ವ್ಯಾಪಾರ ಈ ಗೆರೆಯನ್ನು ದಾಟಿತು. 1781ರಲ್ಲಿ ಝಾಂಗ್ ಎಂಬ ಲಿವರ್‌ಪೂಲಿನ ಹಡಗು ಆಫ್ರಿಕದ ಗುಲಾಮರನ್ನು ತುಂಬಿಕೊಂಡು ಜಮೈಕಾಕ್ಕೆ ಹೋಗುತ್ತಿತ್ತು. ಕುಡಿಯುವ ನೀರು ಸಾಲದೆಂಬ ನೆಪದಲ್ಲಿ 130ಕ್ಕೂ ಹೆಚ್ಚು ಮಂದಿಯನ್ನು ಜೀವಂತ ಸಮುದ್ರಕ್ಕೆ ಎಸೆದರು. ಹಡಗಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. ಹಡಗನ್ನುಳಿಸಲು ಎಸೆದ ಸರಕು ಎಂಬುದೇ ಅವರ ವಾದ. 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆ ಕೊಲೆಯದ್ದಲ್ಲ, ವಿಮೆಯದು. ಮೊದಲು ಜ್ಯೂರಿ ಮಾಲೀಕರ ಪರವಾಗಿಯೇ ತೀರ್ಪು ಕೊಟ್ಟಿತು. ಆಮೇಲೆ ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಅವರ ಪೀಠ ಮರುವಿಚಾರಣೆಗೆ ಆದೇಶಿಸಿತು. ಕೊಂದದ್ದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ನಷ್ಟವನ್ನು ನ್ಯಾಯವಾಗಿ ಹಂಚುವ ಕಾನೂನು, ಯಾರು ಮನುಷ್ಯರು, ಯಾರು ಸರಕು ಎಂದು ತಪ್ಪಾಗಿ ಬರೆದುಕೊಂಡರೆ ಎಂಥ ಅನ್ಯಾಯದ ಆಯುಧವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೀಗ ಹಾಕಿದ ಪೆಟ್ಟಿಗೆ

1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕನ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಅದುವರೆಗೆ ಮೂಟೆ ಮೂಟೆಯಾಗಿ ಹಮಾಲರ ಬೆನ್ನೇರಿ ಹಡಗು ಸೇರುತ್ತಿದ್ದ ಸರಕು ಅಂದಿನಿಂದ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿತು. ಲಾರಿಯಿಂದ ಇಳಿಸಿ ಹಾಗೆಯೇ ಹಡಗಿಗೆ ಏರಿಸಬಹುದು. ಸಾಗಾಟದ ಖರ್ಚು ಇಳಿಯಿತು, ಕಳ್ಳತನ ಕಡಿಮೆಯಾಯಿತು, ಲೋಕದ ವ್ಯಾಪಾರ ಬೆಳೆಯಿತು. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಸಕಲೇಶಪುರದ ಕಾಫಿ 60 ಕೆ.ಜಿ.ಯ 320 ಚೀಲಗಳಾಗಿ ಇಪ್ಪತ್ತಡಿಯ ಒಂದು ಪೆಟ್ಟಿಗೆಯಲ್ಲಿ ಕೂತು ನವ ಮಂಗಳೂರಿನಿಂದ ಹೊರಡುತ್ತದೆ. ಹಾಸನದ ಕಾರ್ಖಾನೆಗಳಲ್ಲಿ ಸಿದ್ಧವಾದ ಹಾಸಿಗೆ ಬಟ್ಟೆ ಅಮೆರಿಕದ ಮಂಚಗಳನ್ನು ಸೇರುತ್ತದೆ. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನ ಹಾದು ಶಿರಾಡಿ ಘಟ್ಟ ಇಳಿಯುವ ಹೆದ್ದಾರಿಯಲ್ಲಿ ನಿಂತರೆ ಕಂಟೈನರ್ ಲಾರಿಗಳ ಸಾಲೇ ಕಾಣುತ್ತದೆ.

ಆದರೆ ಪೆಟ್ಟಿಗೆ ಮುಚ್ಚಿದೊಡನೆ ಅರಿವೂ ಮುಚ್ಚಿಕೊಂಡಿತು. ಒಳಗೇನಿದೆ ಎಂದು ಹಡಗಿನವನಿಗೆ ಕಾಗದ ಹೇಳಿದಷ್ಟೇ ಗೊತ್ತು. ಕಾಗದ ಸುಳ್ಳು ಹೇಳಿದರೆ? 2007ರಲ್ಲಿ ಇಂಗ್ಲೆಂಡಿನ ದಡದ ಬಳಿ ಎಂಎಸ್‌ಸಿ ನಪೋಲಿ ಹಡಗು ಬಿರುಕುಬಿಟ್ಟು ನಿಂತಾಗ ಅದರ ಪೆಟ್ಟಿಗೆಗಳನ್ನು ತೂಗಿ ನೋಡಿದರು. ಹಲವು ಪೆಟ್ಟಿಗೆಗಳ ತೂಕಕ್ಕೂ ಕಾಗದದ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ಅಂತರವಿತ್ತು. ಕೆಳಗೆ ಹಗುರದ್ದು, ಮೇಲೆ ಭಾರದ್ದು ಕೂತರೆ ಅಲೆಯ ಹೊಯ್ದಾಟಕ್ಕೆ ಸಾಲಿಗೆ ಸಾಲೇ ಉರುಳುತ್ತದೆ. ಹೀಗಾಗಿ 2016ರ ಜುಲೈ 1ರಿಂದ ಪ್ರತಿ ಪೆಟ್ಟಿಗೆಯನ್ನು ತೂಗಿಯೇ ಹಡಗಿಗೆ ಏರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಎಲ್ಲ ಧರ್ಮಗಳೂ ಎಚ್ಚರಿಸಿದ್ದು ಸಂತೆಯ ತಕ್ಕಡಿಗಷ್ಟೇ ಅಲ್ಲ ಎಂದಾಯಿತು.

ಕಳೆದ ಪೆಟ್ಟಿಗೆಗಳ ಕತೆಗಳಲ್ಲಿ ಮೋಜಿನವೂ ಇವೆ. 1992ರಲ್ಲಿ ಪೆಸಿಫಿಕ್ ಸಾಗರಕ್ಕೆ ಬಿದ್ದ ಪೆಟ್ಟಿಗೆಯೊಂದರಿಂದ 28,800 ಪ್ಲಾಸ್ಟಿಕ್ ಆಟಿಕೆಗಳು, ಬಾತುಕೋಳಿ, ಕಪ್ಪೆ, ಆಮೆಗಳು, ತೇಲಿಹೋಗಿ ವರ್ಷಗಟ್ಟಲೆ ದೂರದೂರದ ದಡ ಸೇರಿದವು. ಅವನ್ನು ಎಣಿಸಿ ವಿಜ್ಞಾನಿಗಳು ಸಾಗರದ ಹರಿವುಗಳನ್ನು ತಿಳಿದರು. ಆದರೆ 2013ರ ಜೂನ್‌ನಲ್ಲಿ ಎಂಒಎಲ್ ಕಂಫರ್ಟ್ ಹಡಗು ಯೆಮನ್‌ನಿಂದ ದೂರದ ಕಡಲಿನಲ್ಲಿ ಎರಡು ತುಂಡಾದಾಗ 4,293 ಪೆಟ್ಟಿಗೆಗಳು ಹೋದವು. ಬೆನ್ ಯಿಜುವಿನ ಮೆಣಸು ಮುಳುಗಿದ ಹಾದಿಯದು. ಈ ಸಲ ಏಡನ್‌ನಿಂದ ಯಾವ ಮುಳುಗುಗಾರನೂ ಬರಲಿಲ್ಲ. ಮೆಣಸನ್ನು ಸಮುದ್ರ ಜೀರ್ಣಿಸಿಕೊಂಡಿತ್ತು. ಪ್ಲಾಸ್ಟಿಕ್ಕನ್ನು ಅದು ಜೀರ್ಣಿಸಿಕೊಳ್ಳಲಾರದು.

ಪಟ್ಟಿಯಲ್ಲಿಲ್ಲದವರು

ನಷ್ಟ ಹಂಚುವ ಹಳೆಯ ಕಾನೂನು ಸತ್ತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರ್ಕ್ ಮತ್ತು ಆಂಟ್‌ವರ್ಪ್‌ಗಳಲ್ಲಿ ಸೇರಿದ ಸಭೆಗಳು ಅದಕ್ಕೆ ನಿಯಮಾವಳಿ ರಚಿಸಿದವು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಕೊಂಡಾಗ, ಅದನ್ನು ಬಿಡಿಸಿದ ಖರ್ಚಿನಲ್ಲಿ ಸರಕಿನ ಒಡೆಯರೆಲ್ಲ ಪಾಲು ಕೊಡಬೇಕೆಂದು ಹಡಗಿನ ಮಾಲೀಕರು ಘೋಷಿಸಿದ್ದು ಇದೇ ನಿಯಮದ ಮೇಲೆ. ಹಡಗಿನಲ್ಲಿ ಸರಕಿಟ್ಟವರು, ಹಡಗಿನ ಮಾಲೀಕರು, ವಿಮೆಯವರು, ಇವರ ನಡುವೆ ಹಂಚಿಕೆ ಇಂದಿಗೂ ಅಚ್ಚುಕಟ್ಟಾಗಿ ನಡೆಯುತ್ತದೆ.

ಹಡಗಿನಲ್ಲಿ ಏನನ್ನೂ ಇಡದೆ ಎಲ್ಲವನ್ನೂ ಕಳೆದುಕೊಂಡವನ ಪಾಲೇನು? ಎಲ್ಸಾ ಮುಳುಗಿದ ಮೇಲೆ ಆ ಸುತ್ತಿನಲ್ಲಿ ಮೀನುಗಾರಿಕೆ ನಿಂತಿತು. ಮಳೆಗಾಲದ ಟ್ರಾಲಿಂಗ್ ನಿಷೇಧಕ್ಕೆ ಮುಂಚಿನ ಕೊನೆಯ ದುಡಿಮೆಯ ದಿನಗಳವು. ಮೀನು ಕೊಳ್ಳಲು ಜನ ಹೆದರಿದರು. ಬಾಧಿತ ಮೀನುಗಾರ ಕುಟುಂಬಗಳಿಗೆ ಕೇರಳ ಸರಕಾರ ತಾತ್ಕಾಲಿಕ ನೆರವಾಗಿ ತಲಾ 1,000 ರೂಪಾಯಿ ಮತ್ತು 6 ಕೆ.ಜಿ. ಅಕ್ಕಿ ಘೋಷಿಸಿತು. ಮುಳುಗಿದ ಪೆಟ್ಟಿಗೆಗಳಲ್ಲಿ ಏನಿತ್ತೆಂಬ ಪಟ್ಟಿಯನ್ನು ಬಹಿರಂಗಪಡಿಸಲು ಹೈಕೋರ್ಟೇ ಹೇಳಬೇಕಾಯಿತು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಕಾಗದ ತಾನಾಗಿ ಹೇಳಿದ್ದನ್ನು ಈಗ ನ್ಯಾಯಾಲಯ ಕೇಳಿ ಪಡೆಯಬೇಕು! ಸರಕಾರ ಹೂಡಿದ ದಾವೆಯಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಲಾಯಿತು. ಪರಿಸರದ ಹಾನಿಗೆ 8,626 ಕೋಟಿ, ದಡವನ್ನು ಮೊದಲಿನಂತೆ ಮಾಡಲು 378 ಕೋಟಿ, ಮೀನುಗಾರರ ನಷ್ಟಕ್ಕೆ 526 ಕೋಟಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಭದ್ರತೆಯಾಗಿ ಇಡಬೇಕಾದ ಮೊತ್ತವನ್ನು 1,227 ಕೋಟಿಗೆ ನಿಗದಿಪಡಿಸಿತು.

ನೆರೆಯ ಶ್ರೀಲಂಕಾದ ಅನುಭವವೂ ನಮ್ಮ ಕಣ್ಣ ಮುಂದಿದೆ. 2021ರಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಕೊಲಂಬೊದ ಬಳಿ ಉರಿದು ಮುಳುಗಿತು. 1,486 ಕಂಟೈನರುಗಳು, ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳು. ನೂರು ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2025ರ ಜುಲೈನಲ್ಲಿ, ನಾಲ್ಕು ವರ್ಷಗಳ ಮೇಲೆ. ಬಲೆ ನಾಲ್ಕು ವರ್ಷ ಕಾಯುತ್ತದೆಯೆ? ಸಾಲ ಕೊಟ್ಟವನು ಕಾಯುತ್ತಾನೆಯೆ?

ಕರ್ನಾಟಕವೂ ಸುರಕ್ಷಿತವೆಂದು ಕೂರುವಂತಿಲ್ಲ. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಂದಿಗೆ ಉಳ್ಳಾಲದ ದಡದ ಬಳಿಯೇ ಮುಳುಗಿತು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ನಮ್ಮ ಕರಾವಳಿ ಕಾವಲು ಪಡೆ ಬದುಕಿಸಿತು. ದಡದವರು ಎಣ್ಣೆ ಸೋರೀತೆಂಬ ಅಂಜಿಕೆಯಲ್ಲೇ ಆ ಮಳೆಗಾಲ ಕಳೆದರು.

ಸುಧಾರಣೆ ಆಗುತ್ತಿಲ್ಲವೆಂದಲ್ಲ. 2026ರ ಜನವರಿ 1ರಿಂದ ಕಂಟೈನರು ಸಮುದ್ರಕ್ಕೆ ಬಿದ್ದರೆ ಕಪ್ತಾನನು ಹತ್ತಿರದ ಹಡಗುಗಳಿಗೂ ಕರಾವಳಿಯ ದೇಶಕ್ಕೂ ತಿಳಿಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದಿದೆ. ಅಂದರೆ ಕಂಟೈನರು ಹುಟ್ಟಿ ಎಪ್ಪತ್ತು ವರ್ಷವಾಗುವ ಹೊತ್ತಿಗೆ, ಬಿದ್ದದ್ದನ್ನು ಬಿದ್ದಿತೆಂದು ಹೇಳುವ ಕಡ್ಡಾಯ ಬಂತು. ಇದು ಮೊದಲ ಹೆಜ್ಜೆ. ಹೇಳಿದ ಮೇಲೆ ಹಂಚುವುದು ಎರಡನೆಯದು.

ಆ ಎರಡನೆಯ ಹೆಜ್ಜೆಯಲ್ಲಿ ನಮ್ಮ ಪಾಲೂ ಇದೆ. ಹಡಗಿನಲ್ಲಿ ಸಕಲೇಶಪುರದ ಕಾಫಿ ಇದೆ, ಹಾಸನದ ಬಟ್ಟೆ ಇದೆ, ನಮ್ಮ ಮನೆಗೆ ಬರಬೇಕಾದ ಅಗ್ಗದ ಸಾಮಾನಿದೆ. ಅಗ್ಗ ಯಾಕೆಂದರೆ, ಕೊಲ್ಲಂನ ದಡದವನು, ಕಣ್ಣೂರಿನ ಕಡಲಿನಲ್ಲಿ ಕಾಣೆಯಾದ ನಾವಿಕನ ಮನೆಯವರು ತೆತ್ತ ಬೆಲೆ ಅದರ ಚೀಟಿಯಲ್ಲಿ ಬರೆದಿಲ್ಲ. ಅಪಘಾತವಾದ ಮೊದಲ ವಾರದಲ್ಲೇ ದಡದವರ ಕೈಸೇರುವಂಥ ಒಂದು ನಿಧಿಗೆ ಪ್ರತಿ ಪೆಟ್ಟಿಗೆಯಿಂದ ಅಲ್ಪ ಮೊತ್ತ ಮೊದಲೇ ಕಟ್ಟಿಸಿಕೊಂಡರೆ ಯಾರ ವ್ಯಾಪಾರವೂ ಮುಳುಗುವುದಿಲ್ಲ. ರೋಡ್ಸ್‌ನ ನಾವಿಕರಿಗೂ ಮಾಲಿಕೀ ಪಂಡಿತರಿಗೂ ಏಡನ್‌ನ ವರ್ತಕರಿಗೂ ಅರ್ಥವಾದ ನ್ಯಾಯವೇ ಇದು. ಎಲ್ಲರ ಸಲುವಾಗಿ ಹೋದದ್ದನ್ನು ಎಲ್ಲರೂ ತುಂಬಿಕೊಡಬೇಕು. ಅವರ 'ಎಲ್ಲರೂ' ಹಡಗಿನ ಅಂಚಿನಲ್ಲಿ ಮುಗಿಯುತ್ತಿತ್ತು. ನಮ್ಮದು ಬಲೆ ನೇಯುವವನ ಗುಡಿಸಲಿನವರೆಗೂ ಹೋಗಬೇಕಾಗಿದೆ.